ಎಡಗಡೆಯ ತಂಬೂರಿ

ಹೆಡ್‌ಫೋನು ತಲೆಯ ಮೇಲಿದೆ ಎಂಬುದೇ ಮರೆತುಹೋಗುವಷ್ಟು ಹಗುರವಾಗಿ ಕೂತಿತ್ತು. ಹಾಗೆ ಮರೆಯಬಾರದು, ತೂಗಿ ನೋಡುವುದಕ್ಕೆಂದೇ ತಾನು ನಿಪ್ಪಾಣಿಯಿಂದ ಚಿಕ್ಕೋಡಿಯ ಈ ಶೆಡ್ಡಿಗೆ ಬಂದದ್ದು ಎಂದು ತ್ರಿಶಲಾ ತನ್ನನ್ನು ತಾನೇ ಎಚ್ಚರಿಸಿಕೊಳ್ಳುತ್ತಿದ್ದಳು. ಕಣ್ಣು ಮುಚ್ಚಿದ್ದರೂ, ಎದುರಿನ ಸ್ಟೂಲಿನ ಮೇಲೆ ಸನ್ಮತಿ ಮೊಣಕಾಲಿಗೆ ಮೊಣಕೈ ಊರಿ ತನ್ನ ಮುಖವನ್ನೇ ನೋಡುತ್ತಿದ್ದಾನೆ ಎಂಬುದು ಅವಳಿಗೆ ಗೊತ್ತಿತ್ತು. ಹುಬ್ಬು ತುಸು ಅಲುಗಿದರೂ ಅವನು ಅದಕ್ಕೊಂದು ಅರ್ಥ ಹಚ್ಚುತ್ತಾನೆ ಎಂಬ ಭಯಕ್ಕೆ ಮುಖವನ್ನು ಬಿಗಿಹಿಡಿದಿದ್ದಳು. ಕಿವಿಯಲ್ಲಿ ಮುಲ್ತಾನಿ ರಾಗ ನಡೆದಿತ್ತು. ಮಿರಜದ ಯಾರದೋ ಪಡಸಾಲೆಯಲ್ಲಿ ಎಂದೋ ಧ್ವನಿಮುದ್ರಿಸಿಕೊಂಡದ್ದು. ನಡುವೆ ಹಾಡುವವಳು, ಅವಳ ಎಡಕ್ಕೊಂದು ಬಲಕ್ಕೊಂದು ತಂಬೂರಿ. ಯಾವ ಹೆಡ್‌ಫೋನು ಕೈಗೆ ಬಂದರೂ ತ್ರಿಶಲಾ ಮೊದಲು ಕೇಳುತ್ತಿದ್ದುದು ಇದನ್ನೇ. ಹಾಡುವವಳು ಎಲ್ಲಿ ಉಗುಳು ನುಂಗುತ್ತಾಳೆ, ಬಳೆ ಎಲ್ಲಿ ನೆಲಕ್ಕೆ ತಾಗುತ್ತದೆ, ಯಾವ ಆವರ್ತನದಲ್ಲಿ ಹೊರಗೆ ಸೈಕಲ್ಲಿನ ಗಂಟೆ ಬಾರಿಸುತ್ತದೆ, ಎಲ್ಲ ಬಾಯಿಪಾಠ. ಆದರೂ ಇಂದು, ಷಡ್ಜ ಹಿಡಿಯುವ ಮೊದಲು ಆಕೆಯ ತುಟಿಗಳು ಒಂದನ್ನೊಂದು ಬಿಡುವ ಸಣ್ಣ ಸದ್ದು ಕೇಳಿಸಿಬಿಟ್ಟಿತು. ಇಷ್ಟು ವರ್ಷ ಇದು ಎಲ್ಲಿ ಅಡಗಿತ್ತು? ಸನ್ಮತಿ ಸಾಗವಾನಿ ಕಟ್ಟಿಗೆಯನ್ನು ಬಟ್ಟಲಿನ ಹಾಗೆ ಕೊರೆದು, ತಿಕ್ಕಿ, ಎಣ್ಣೆ ಉಣಿಸಿ ಮಾಡಿದ ಈ ವಸ್ತು ಆ ತುಟಿಗಳನ್ನು ತನ್ನ ಗಲ್ಲದ ಹತ್ತಿರಕ್ಕೆ ತಂದುಬಿಟ್ಟಿದೆ. ಅಳು ಬರುವಂತಾಯಿತು. ಎಡಗಡೆಯ ತಂಬೂರಿ ಮಾತ್ರ ತೂಕಡಿಸುತ್ತಿತ್ತು. ಬಲಗಡೆಯದು ಬಂಗಾರದ ತಂತಿ ಎಳೆದ ಹಾಗೆ ಮಿರಮಿರ ಮಿಂಚುತ್ತಿದ್ದರೆ, ಎಡಗಡೆಯದು ಒದ್ದೆ ಬಟ್ಟೆಯ ಹಿಂದಿನಿಂದ ಬಂದಂತೆ. ಹೋದ ತಿಂಗಳು ಬಂದಾಗಲೂ ಹೀಗೆಯೇ ಇತ್ತು. ಹೇಳಿಹೋಗಿದ್ದಳು. ಅವನು ಬಿಚ್ಚಿದ್ದ, ಬದಲಿಸಿದ್ದ, ಮತ್ತೆ ಜೋಡಿಸಿದ್ದ. ಮತ್ತೆ ಹೀಗೆಯೇ ಇದೆ.

ಕಿವಿಯ ಸುತ್ತ ಕೂರುವ ಈ ಮೆತ್ತೆಗಳನ್ನು ಮನಿಷಾ ಹೊಲಿಯುತ್ತಾಳೆ, ಸನ್ಮತಿಯ ಹೆಂಡತಿ. ಚರ್ಮ ಬೇಡ, ರೇಷ್ಮೆಯೂ ಬೇಡ ಎಂದು ಗಂಡ ಹಟ ಹಿಡಿದಾಗ, ಜೈನರ ಮನೆಯಲ್ಲಿ ಕುರಿಮರಿಯ ತೊಗಲು ಹೊಲಿಯುವುದು ಹೇಗೂ ಸಾಧ್ಯವಿರಲಿಲ್ಲವಾದರೂ, ದೂರದೂರದ ಗಿರಾಕಿಗಳು ನಕ್ಕಿದ್ದರಂತೆ. ಅವಳು ಹತ್ತಿಯ ಬಟ್ಟೆಯನ್ನು ನೀರಿಗೆ ಹಾಕಿ ಹಾಕಿ ಮೆತ್ತಗೆ ಮಾಡಿ, ಒಳಗೆ ಬೂರುಗದ ಹತ್ತಿ ತುಂಬಿ, ತನ್ನ ಕಿವಿಯ ಬೆಂಡವಾಲಿಯನ್ನು ತೆಗೆಯದೆಯೇ ಅಳತೆ ನೋಡಿ ಹೊಲಿದಿದ್ದಳು. ಅದಕ್ಕೇ ಇದರೊಳಗೆ ಓಲೆಯ ತಿರುಪು ಚುಚ್ಚುವುದಿಲ್ಲ, ಕನ್ನಡಕದ ಕಡ್ಡಿ ಕಪಾಳಕ್ಕೆ ಒತ್ತುವುದಿಲ್ಲ, ಪಟ್ಟಿ ತುರುಬಿಗೆ ಅಡ್ಡ ಬರುವುದಿಲ್ಲ. ಏಪ್ರಿಲ್ಲಿನ ಈ ತಗಡಿನ ಶೆಡ್ಡಿನಲ್ಲಿ ಕೂಡ ಕಿವಿ ಬೆವತಿಲ್ಲ. ಪುಣೆಯ ಪ್ರದರ್ಶನದಲ್ಲಿ ಒಮ್ಮೆ ಭಾರೀ ಹೆಸರಿನ ಹೆಡ್‌ಫೋನೊಂದನ್ನು ಕೇಳುವಾಗ, ಚರ್ಮ ತಾಗದಿರಲೆಂದು ತ್ರಿಶಲಾ ಕರವಸ್ತ್ರ ಹರಡಿಕೊಂಡು ಕೂತಿದ್ದಳು. ಮಾರುವ ಹುಡುಗ ಪಕ್ಕದವನಿಗೆ ಮರಾಠಿಯಲ್ಲಿ, 'ಈ ಹೆಂಗಸು ಕಿವಿಗೂ ಸೆರಗು ಹೊದೆಸಿದ್ದಾಳೆ' ಎಂದಿದ್ದ. ಅವಳಿಗೆ ಮರಾಠಿ ಬರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಆಮೇಲೆ ಅವಳು ಆ ಹೆಡ್‌ಫೋನಿನ ಬಗ್ಗೆ ಇಂಟರ್ನೆಟ್ಟಿನಲ್ಲಿ ಬರೆದ ಅಭಿಪ್ರಾಯವನ್ನು ಅದೇ ಹುಡುಗ ದೊಡ್ಡ ಅಕ್ಷರದಲ್ಲಿ ಅಂಗಡಿಯ ಗೋಡೆಗೆ ಅಂಟಿಸಿದನೆಂದು ಯಾರೋ ಹೇಳಿದರು. ನಿಪ್ಪಾಣಿಯ ಕನ್ಯಾಶಾಲೆಯಲ್ಲಿ ಹಾಡು ಕಲಿಸುವ ಐವತ್ತು ದಾಟಿದ ಹೆಂಗಸೊಬ್ಬಳ ಮಾತಿಗಾಗಿ ಪುಣೆ, ಮುಂಬಯಿಯ ಕೇಳುಗರು ಕಾಯುತ್ತಾರೆ ಎಂಬುದು ಅವಳಿಗೆ ಈಗಲೂ ಸಂಕೋಚದ, ಆದರೆ ಒಳಗೊಳಗೇ ಬೆಲ್ಲ ಚಪ್ಪರಿಸುವಂಥ ಸಂಗತಿ.

ಕಣ್ಣು ತೆರೆದು ಹೆಡ್‌ಫೋನನ್ನು ತೊಡೆಯ ಮೇಲಿಟ್ಟುಕೊಂಡಳು.

"ಹೇಳ್ರಿ ಅಕ್ಕಾರ," ಎಂದ ಸನ್ಮತಿ.

"ಮಾತಿಲ್ಲ ಸನ್ಮತಿ. ಆಕಿ ಉಸರ ನನ್ನ ಗಲ್ಲಕ್ಕ ಬಡದಂಗ ಆತು. ಇಂಥಾದ್ದ ನಾ ಕೇಳಿಲ್ಲ."

"ಅದ ಇರಲಿ. ಎಡಗಡೆ?"

ಹೇಳದೆ ಇರಬಹುದಿತ್ತು. ಆದರೆ ಹೇಳದೆ ಇದ್ದರೆ ತಾನು ಯಾರು? "ಎಡಗಡೆ ಇನ್ನೂ ಒಂದೀಟು ಮಂಕ ಐತ್ರಿ. ಆ ಕಡೆ ತಂಬೂರಿ ನಿದ್ದಿಗಣ್ಣಾಗ ಬಾರಿಸಿದಂಗ."

ಹೊಲಿಗೆ ಮಷೀನಿನ ಸದ್ದು ನಿಂತಿತು. ಮೂಲೆಯಿಂದ ಮನಿಷಾ, "ಮೀಟರಿನಾಗ ಎರಡೂ ಕಡೆ ಕೂದಲೆಳಿ ಫರಕ ಬಂದಿಲ್ಲಲ್ರಿ," ಎಂದಳು, ಯಾರನ್ನೂ ನೋಡದೆ.

"ಮೀಟರಿಗೆ ಹಾಡ ತಿಳಿತೈತೇನ? ಮೀಟರಿಗೆ ಎಲ್ಲಾ ತಿಳಿಯೂ ಹಂಗಿದ್ರ ಅಕ್ಕಾರನ್ನ ಯಾಕ ತ್ರಾಸ ಕೊಟ್ಟು ಕರಸ್ತಿದ್ವಿ?" ಸನ್ಮತಿ ಎದ್ದು ನಿಂತ. ಕೊಲ್ಲಾಪುರದಲ್ಲಿ ಇಂಜಿನಿಯರಿಂಗ್ ಓದಿದವನು. ಗೋಡೆಯ ಮೇಲೆ ತನ್ನದೇ ಕೈಯಿಂದ ಎಳೆದ ಗ್ರಾಫುಗಳನ್ನು ದೇವರ ಪಟಗಳ ಹಾಗೆ ತೂಗುಹಾಕಿದವನು. ಅವುಗಳ ಕಡೆ ಅವನು ಈಗ ಬೆನ್ನು ತಿರುಗಿಸಿದ್ದನ್ನು ತ್ರಿಶಲಾ ನೋಡಿದಳು. "ಐತವಾರ ಕೊಲ್ಲಾಪುರದಾಗ ಬೈಠಕ್ ಐತಿ. ದೊಡ್ಡ ದೊಡ್ಡ ಮಂದಿ ಕೇಳಾಕ ಬರ್ತಾರ. ಕುಂಟ ಪೀಸ ಒಯ್ಯಾಂವಲ್ಲ ನಾ. ಪ್ಯಾಟ್ಯಾಗ ತೆಳ್ಳನ್ನ ಮಲಮಲ ತರ್ತೀನಿ. ಎಡಗಡೆ ಹಿಂದಿನ ಬಟ್ಟಿ ತೆಗದು ಅದನ್ನ ಹಾಕೂಣು. ಕುಂದರ್ರಿ ಅಕ್ಕಾರ, ಬಸ್ಸಿಗೆ ಇನ್ನೂ ವ್ಯಾಳ್ಯಾ ಐತಿ." ಸದ್ದು ಹುಟ್ಟಿಸುವ ಪಡದೆಯ ಹಿಂದೆ ಅವನು ಒಂದು ಬಟ್ಟೆ ಅಂಟಿಸಿರುತ್ತಿದ್ದ; ಬಟ್ಟೆ ದಪ್ಪವಾದಷ್ಟೂ ಸದ್ದು ಮೆತ್ತಗೆ, ತೆಳ್ಳಗಾದಷ್ಟೂ ಚುರುಕು. ಬಾಗಿಲಲ್ಲಿ ನಿಂತು ಮತ್ತೆ ಹೇಳಿದ: "ಈ ಒಂದಕ್ಕ ಅಷ್ಟ ಅಲ್ರಿ. ನಿಮ್ಮ ಕಿವಿಗೆ ಸರಿ ಬಂದ್ರ ಇನ್ನ ಮುಂದ ಎಲ್ಲಾ ಪೀಸಿಗೂ ಹಿಂಗ."

ಸ್ಕೂಟರಿನ ಸದ್ದು ದೂರವಾಯಿತು. ಚಹಾ ಇಡುತ್ತೇನೆಂದು ಮನಿಷಾ ಒಳಗೆ ಹೋದಳು. ಹೋಗುವಾಗ ಏನೋ ಅಂದಳು. ತ್ರಿಶಲಾ "ಹಾಂ" ಎಂದಳು, ಏನೆಂದು ತಿಳಿಯದೆಯೇ. ಈಚೆಗೆ ಹೀಗೆ ಹಾಂ ಹೂಂ ಎನ್ನುವುದು ಹೆಚ್ಚಾಗಿದೆ, ವಯಸ್ಸು, ಯಾರ ಮಾತಿನಲ್ಲೂ ಅಷ್ಟು ಆಸಕ್ತಿ ಉಳಿದಿಲ್ಲ ಎಂದುಕೊಂಡಳು. ಹಾಗೆ ಹಾಂ ಹೂಂ ಎನ್ನುತ್ತಿದ್ದವಳು ಅವ್ವ. ಅಥಣಿಯ ಸಭಾಗೃಹ, ತ್ರಿಶಲಾಗೆ ಹದಿನಾರು ಹದಿನೇಳು, ಮೊದಲ ಕಾರ್ಯಕ್ರಮ. ಮುಂದಿನ ಸಾಲಿನಲ್ಲಿ ಕೂತ ಅವ್ವ ವೇದಿಕೆಗೆ ಬಲಗಿವಿ ಕೊಟ್ಟು, ಮುಖವನ್ನು ಪೂರ್ತಿ ಆಚೆ ಗಂಡಸರ ಸಾಲಿನ ಕಡೆ ತಿರುಗಿಸಿಕೊಂಡಿದ್ದಳು. ಹುಡುಗರು ನಕ್ಕರು. ಹಾಡು ಮುಗಿದು ಎಲ್ಲರ ಚಪ್ಪಾಳೆ ನಿಂತ ಮೇಲೆ ಅವ್ವನದೊಂದೇ ಚಪ್ಪಾಳೆ, ಸ್ವಲ್ಪ ಹೊತ್ತು. ಆ ರಾತ್ರಿ ತಮ್ಮೂರು ಜುಗೂಳಕ್ಕೆ ಮರಳುವ ದಾರಿಯುದ್ದಕ್ಕೂ ತ್ರಿಶಲಾ ಮಾತಾಡಿರಲಿಲ್ಲ. ಮುಂದಿನ ಸಲ, ನೀ ಹಿಂದ ಕುಂದರ ಅವ್ವಾ, ನಿನಗ ಹೆಂಗೂ ಕೇಳಂಗಿಲ್ಲ, ಎಂದಿದ್ದಳು. ಅವ್ವ ಲಕ್ಷ್ಮಿಬಾಯಿ ಹೂಂ ಎಂದು, ಹಿಂದೆಯೂ ಕೂಡದೆ, ಹೊರಗೆ ಚಪ್ಪಲಿ ಬಿಡುವ ಜಾಗದಲ್ಲಿ ಕಾಯುವ ಹೆಂಗಸಿನ ಜೊತೆ ಮಾತಾಡುತ್ತ ಕೂತಳು. ಆಮೇಲೆ ಪ್ರತಿ ಕಾರ್ಯಕ್ರಮಕ್ಕೂ ಬಂದಳು, ಪ್ರತಿ ಸಲವೂ ಹೊರಗೆ. ಅದರ ಬಗ್ಗೆ ತಾಯಿ ಮಗಳ ನಡುವೆ ಎಂದೂ ಮಾತಾಗಲಿಲ್ಲ. ಮಾತಾಗದೆ ಉಳಿದದ್ದು ಹೀಗೆ ಯಾರದೋ ಶೆಡ್ಡಿನಲ್ಲಿ, ಗರಗಸದ ಪುಡಿಯ ವಾಸನೆಯ ನಡುವೆ ಎದ್ದು ಬರುತ್ತದೆ.

ಅದನ್ನು ಸರಿಸಲೆಂದೇ ಹೆಡ್‌ಫೋನನ್ನು ಮತ್ತೆ ತಲೆಗೇರಿಸಿದಳು. ತೀರ್ಪು ಕೊಡಲಿಕ್ಕಲ್ಲ, ಬರೀ ಸುಖಕ್ಕೆ. ಯಾರೂ ನೋಡುತ್ತಿಲ್ಲ ಎಂಬ ಹಗುರದಲ್ಲಿ ಮುಲ್ತಾನಿ ಇನ್ನೂ ಚೆಂದವಾಗಿತ್ತು. ತಬಲಾದ ನಡುವಿನ ಕರಿಯ ಶಾಯಿಯ ಮೇಲೆ ಬೆರಳು ಬಿದ್ದು ಏಳುವಾಗಿನ ಅಂಟು ಕೂಡ ಕಾಣಿಸುವ ಹಾಗೆ. ಎಡಗಡೆಯ ತಂಬೂರಿ ಎಂದಿನಂತೆ ತೂಕಡಿಸುತ್ತಿತ್ತು, ಅಯ್ಯೋ ಪಾಪ ಎಂದು ನಗು ಬಂತು. ಬೆವರಿದ ಹಣೆ ಒರೆಸಿಕೊಳ್ಳಲು ಪಟ್ಟಿಯನ್ನು ಸರಿಸಿದಾಗ ಬೆರಳಿಗೆ ಏನೋ ತಾಗಿತು. ಕೆಂಪು ದಾರದ ಗಂಟು. ಎಡಗಡೆಯದು ಯಾವುದೆಂದು ಕತ್ತಲಲ್ಲೂ ತಿಳಿಯಲೆಂದು ಮನಿಷಾ ಪಟ್ಟಿಯ ಒಳಗೆ ಹಾಕಿದ ಗುರುತು. ಅದು ಈಗ ಬಲಗಡೆ ಇತ್ತು.

ತಿರುವುಮುರುವು ಹಾಕಿಕೊಂಡಿದ್ದೇನೆ ಎಂದು ತಿಳಿಯಲು ಒಂದು ಉಸಿರಿನಷ್ಟು ಹೊತ್ತು, ಅದರ ಅರ್ಥ ತಿಳಿಯಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು. ಹಾಗಿದ್ದರೆ ಈಗ ತೂಕಡಿಸುತ್ತಿರುವುದು ಬಲಗಡೆಯ ತಂಬೂರಿ, ಆ ಬಂಗಾರದ ತಂತಿಯದು. ಮಿಂಚುತ್ತಿರುವುದು ಇಷ್ಟು ದಿನ ನಿದ್ದೆಗಣ್ಣಿನದು ಎಂದು ತಾನು ಬೈದದ್ದು. ತೆಗೆದು ಸರಿಯಾಗಿ ಹಾಕಿಕೊಂಡಳು. ಎಡಗಡೆ ಮಂಕು. ತಿರುಗಿಸಿ ಹಾಕಿಕೊಂಡಳು. ಎಡಗಡೆಯೇ ಮಂಕು. ತಂಬೂರಿ ಬದಲಾದರೂ ನಿದ್ದೆ ಅಲ್ಲಿಯೇ ಉಳಿದಿತ್ತು. ಹೆಡ್‌ಫೋನನ್ನು ಕೆಳಗಿಟ್ಟು, ಯಾರಾದರೂ ನೋಡುತ್ತಿದ್ದಾರೆಯೇ ಎಂದು ಬಾಗಿಲ ಕಡೆ ನೋಡಿ, ಹೆಬ್ಬೆರಳು ತೋರುಬೆರಳನ್ನು ಬಲಗಿವಿಯ ಹತ್ತಿರ ಉಜ್ಜಿದಳು. ಒಣಗಿದ ತಂಬಾಕಿನ ಎಲೆ ಹೊಸಕಿದ ಸದ್ದು. ಎಡಗಿವಿಯ ಹತ್ತಿರ ಉಜ್ಜಿದಳು. ಉಜ್ಜುತ್ತಿರುವುದು ಬೆರಳಿಗಷ್ಟೇ ಗೊತ್ತಾಯಿತು.

ಹಾಗಾದರೆ ಗಂಡ ಅಭಿನಂದನನ ಗೊರಕೆ. ಪ್ರಾಣಾಯಾಮ ಶುರುಮಾಡಿದ ಮೇಲೆ ಇವರ ಗೊರಕೆ ನಿಂತಿತೆಂದು ಬೀಗರೆದುರು, ನೆರೆಯವರೆದುರು ಹೇಳಿಕೊಂಡು ಬಂದಿದ್ದಳು. ಅವನೂ ಹೆಮ್ಮೆಯಿಂದ ಮೀಸೆ ತಿರುವಿದ್ದ. ಬಲಗಿವಿಯನ್ನು ದಿಂಬಿಗೊತ್ತಿ ಮಲಗುವ ಚಟ ತನಗೆ ಯಾವಾಗ ಹತ್ತಿತು? ಹಾಗಾದರೆ ಶಾಲೆಯ ಹುಡುಗಿಯರು. ಎಡಗಡೆ ಸಾಲಿನವರು ಬಾಯಿ ಬಿಡುವುದಿಲ್ಲ, ಮುಂಜಾನೆ ಉಂಡು ಬರುವುದಿಲ್ಲವೇನು ಎಂದು ವರ್ಷವಿಡೀ ಬೈದಿದ್ದಳು. ಆ ಸಾಲಿನ ಕೊನೆಯಲ್ಲಿ ನಿಲ್ಲುತ್ತಿದ್ದ ಸಣ್ಣ ಹುಡುಗಿ ಕತ್ತಿನ ನರ ಉಬ್ಬಿಸಿ ಹಾಡುತ್ತಿದ್ದುದು ಈಗ ಕಣ್ಣಿಗೆ ಕಟ್ಟಿತು. ನರ ಕಂಡಿತ್ತಲ್ಲ, ಆಗ ಏಕೆ ಹೊಳೆಯಲಿಲ್ಲ? ಈಚೆಗೆ ಬರೆದ ಅಭಿಪ್ರಾಯಗಳು ಒಂದೊಂದಾಗಿ ನೆನಪಾದವು. ಯಾವುದಕ್ಕೋ 'ಎಡ ಬಲಗಳ ಸಮತೋಲ ಸಾಲದು' ಎಂದು ಬರೆದಿದ್ದಳು, ಎಂಥ ಗತ್ತಿನಿಂದ. ಮೈಯೆಲ್ಲ ಬೆವತು, ಬೆವರಿನೊಳಗೆ ನಾಚಿಕೆ ಇರುವೆಯ ಹಾಗೆ ಹರಿದಾಡಿತು. ಮನಿಷಾ ಚಹಾ ತಂದು ಎಡಗಡೆಯಿಂದ ಲೋಟ ಚಾಚಿ ಏನೋ ಅಂದಾಗ ತ್ರಿಶಲಾ ಪೂರ್ತಿ ತಿರುಗಿ ಅವಳ ತುಟಿಯನ್ನು ನೋಡಿದಳು. "ಸಕ್ಕರಿ ಸಾಕಾತೇನ್ರಿ ಅಂದೆ," ಎಂದಳು ಮನಿಷಾ.

ಸನ್ಮತಿ ಬಂದ. ಹೇಳಬೇಕೆಂದುಕೊಂಡಳು. ಅವನು ಮೊದಲು ಕೈ ತೊಳೆದ, ಒರೆಸಿದ, ಬೆಳಕಿನ ಕೆಳಗೆ ಬಿಳಿ ಬಟ್ಟೆ ಹಾಸಿದ. ಆ ಕೈಗಳನ್ನು ನೋಡುತ್ತ ಕೂತಳು. ಎಷ್ಟು ಚೆಂದದ ಕೈಗಳು. ಸಣ್ಣ ತಿರುಪುಗಳನ್ನು ಒಂದೊಂದಾಗಿ ಬಿಚ್ಚಿ ಬಟ್ಟಲಿಗೆ ಹಾಕುವಾಗ ಸದ್ದು ಆಗದಂತೆ ಬಟ್ಟಲಿಗೂ ಬಟ್ಟೆ ಹಾಸಿದ್ದ. ಈರುಳ್ಳಿ ಸಿಪ್ಪೆಗಿಂತ ತೆಳ್ಳಗಿನ ಪಡದೆಗೆ ತನ್ನ ಉಸಿರೂ ತಾಗಬಾರದೆಂದು ಮುಖ ಪಕ್ಕಕ್ಕೆ ತಿರುಗಿಸಿ ಉಸಿರು ಬಿಡುತ್ತಿದ್ದ. ಹಳೆಯ ಬಟ್ಟೆಯನ್ನು ಚಿಮ್ಮಟದಿಂದ ಎತ್ತಿದಾಗ ತ್ರಿಶಲಾ ಬಾಯಿ ತೆರೆದಳು. "ಸನ್ಮತಿ..." ಅವನು ಕತ್ತೆತ್ತದೆ, "ಒಂದ ಮಿನಿಟ ಅಕ್ಕಾರ," ಎಂದ. ಅಷ್ಟು ಸಾಕಾಯಿತು ಅವಳಿಗೆ ಸುಮ್ಮನಾಗಲು. ಸುಮ್ಮನಿದ್ದರೆ ಏನಾಗುತ್ತದೆ? ಈಗ ಸರಿಯಾಯಿತು ಎಂದುಬಿಟ್ಟರೆ ಅವನಿಗೂ ಸಮಾಧಾನ, ತನಗೂ. ಯಾರ ಕಿವಿಯೊಳಗೆ ಯಾರು ಇಣುಕಿ ನೋಡುತ್ತಾರೆ? ಹೀಗೆ ಅವಳು ಯೋಚಿಸುತ್ತಿರುವಾಗಲೇ ಅವನು ಬಟ್ಟೆ ಕತ್ತರಿಸಿದ, ಅಂಟಿಸಿದ, ಮುಚ್ಚಿದ, ಎರಡೂ ಕೈಯಿಂದ ಹೆಡ್‌ಫೋನನ್ನು ಅವಳೆದುರು ಹಿಡಿದ. ಕೆಂಪು ದಾರವನ್ನು ಬೆರಳಲ್ಲಿ ಮುಟ್ಟಿ ನೋಡಿ ಅವಳು ಸರಿಯಾಗಿ ಹಾಕಿಕೊಂಡಳು.

ಮತ್ತು ಆದದ್ದು ಅವಳು ಎಣಿಸಿರದಂಥದ್ದು. ಎಡಗಡೆಯ ತಂಬೂರಿ ಎದ್ದು ಕೂತಿತು. ತೂಕಡಿಕೆ ಬಿಟ್ಟು, ಕಣ್ಣು ತೊಳೆದುಕೊಂಡು, ಬಲಗಡೆಯದರ ಸರಿಸಮಕ್ಕೆ ನಿಂತು ತಂತಿ ಮೀಟತೊಡಗಿತು. ಎರಡರ ನಡುವೆ ಹಾಡುವವಳು, ಇಷ್ಟು ದಿನ ಬಲಕ್ಕೆ ವಾಲಿಕೊಂಡಂತಿದ್ದವಳು, ಎದೆಯ ನೇರಕ್ಕೆ ಬಂದಳು. ಪಡಸಾಲೆಗೆ ಗೋಡೆಗಳು ಬಂದವು, ಗೋಡೆಗೆ ಕಿಟಕಿ ಬಂತು, ಕಿಟಕಿಯಾಚೆ ಸೈಕಲ್ಲಿನ ಗಂಟೆ ಎಡದಿಂದ ಹುಟ್ಟಿ ಬಲಕ್ಕೆ ಹೋಯಿತು. ಗಂಟೆ ಎಡದಿಂದ ಬರುತ್ತದೆಂಬುದೇ ಮರೆತುಹೋಗಿತ್ತಲ್ಲ. ಎಷ್ಟು ಕಾಲದಿಂದ ತಾನು ಅರ್ಧ ಮನೆಯಲ್ಲಿ ಬದುಕುತ್ತಿದ್ದೆ, ಉಳಿದರ್ಧಕ್ಕೆ ಯಾರು ಯಾವಾಗ ಬೀಗ ಹಾಕಿದರು? ಹಾಡುವವಳು ಮೇಲಿನ ಷಡ್ಜಕ್ಕೆ ಹೋದಾಗ ತ್ರಿಶಲಾಳ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳಲಿಲ್ಲ.

"ಆತು ನೋಡ!" ಸನ್ಮತಿ ಹೆಂಡತಿಯ ಕಡೆ ತಿರುಗಿದ. "ಅಕ್ಕಾರ ಕಣ್ಣಾಗ ನೀರ ಬಂದ್ವು. ಮೀಟರಿಗೆ ಬರ್ತಾವೇನ?"

"ನಾ ಒಮ್ಮೆ ನೋಡಲ್ಯಾ?" ಎಂದಳು ಮನಿಷಾ. ಹಾಕಿಕೊಂಡಳು. ನಿಂತೇ ಕೇಳಿದಳು, ತಲೆಯನ್ನು ಸ್ವಲ್ಪ ಒಂದು ಕಡೆ ವಾಲಿಸಿ, ಮತ್ತೆ ನೆಟ್ಟಗೆ ಮಾಡಿ. ಆಮೇಲೆ ತೆಗೆದು ಮೆಲ್ಲಗೆ, "ಎಡಕ್ಕ ಜಗ್ಗತೈತ್ರಿ," ಎಂದಳು. "ಆ ಕಡೆದು ಒದರಿದಂಗ ಅನಸ್ತೈತಿ. ಮೊದಲಿನದ ಛೊಲೊ ಇತ್ತು."

"ನಿನಗ ಏನ ತಿಳಿತೈತಿ ಅದರಾಗ? ಮೆತ್ತಿ ಹೊಲಿ ನೀ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಸಲಿಗೆಯಿತ್ತು, ಅದಕ್ಕೇ ಮಾತು ಇನ್ನೂ ಆಳಕ್ಕೆ ಹೋಗಿರಬೇಕು. ಮನಿಷಾ ಮಷೀನಿನ ಹತ್ತಿರ ಹೋಗಿ ಕೂತು ಸೂಜಿಗೆ ದಾರ ಪೋಣಿಸತೊಡಗಿದಳು. ಪೋಣಿಸಿಯೇ ಇದ್ದ ಸೂಜಿ ಅದು.

ತ್ರಿಶಲಾ ಎದ್ದು ನಿಂತಳು. ಎದ್ದು ನಿಲ್ಲುವ ಅಗತ್ಯ ಇರಲಿಲ್ಲ. "ಸನ್ಮತಿ, ಆಕಿ ಕಿವಿ ಖರೆ ಐತಿ. ತಪ್ಪ ಹೆಡ್‌ಫೋನಿಂದಲ್ಲ. ನನ್ನ ಎಡಗಿವಿ ಹೋಗೇತಿ."

ಅವನು ನಕ್ಕ. "ಚ್ಯಾಷ್ಟಿ ಮಾಡಬ್ಯಾಡ್ರಿ ಅಕ್ಕಾರ."

"ಚ್ಯಾಷ್ಟಿ ಅಲ್ಲ. ನೀವು ಪ್ಯಾಟಿಗೆ ಹೋದಾಗ ತಿರುವಿ ಹಾಕ್ಕೊಂಡೆ. ತಂಬೂರಿ ಬದಲಾತು, ಮಂಕ ಬದಲಾಗಲಿಲ್ಲ." ಅವನ ನಗು ಇನ್ನೂ ತುಟಿಯ ಮೇಲೆಯೇ ಇರುವುದನ್ನು ನೋಡಿ, ಸರಸರನೆ ಮುಂದುವರಿಸಿದಳು, ನಿಂತರೆ ಮುಗಿಯುವುದಿಲ್ಲವೆಂಬಂತೆ: "ನೀವು ಬಟ್ಟಿ ಕೊಯ್ಯೂವಾಗನ ಗೊತ್ತಿತ್ತು ನನಗ. ಹೇಳಾಕ ಬಾಯಿ ಬರಲಿಲ್ಲ. ಈಗ ಕಣ್ಣಾಗ ನೀರ ಬಂದದ್ದೂ ಖರೆನ. ನನಗ ಇದು ಭಾಳ ಚೆಂದ ಕೇಳಸ್ತು. ಆದ್ರ ನನಗ ಒಬ್ಬಾಕಿಗೆ. ಊರ ಮಂದಿಗೆಲ್ಲಾ ಇದು ಸೊಟ್ಟ ಆಗತೈತಿ."

ಸನ್ಮತಿ ಹೆಡ್‌ಫೋನನ್ನು ನೋಡಿದ, ಅವಳ ಎಡಗಿವಿಯನ್ನು ನೋಡಿದ, ಮತ್ತೆ ಬಿಳಿ ಬಟ್ಟೆಯ ಮೇಲೆ ಬಿದ್ದಿದ್ದ ಹಳೆಯ ತುಂಡನ್ನು ನೋಡಿದ. ಹೊರಗೆ ಹೋಗಿ ಬಾವಿಕಟ್ಟೆಯ ಹತ್ತಿರ ಬೆನ್ನು ಮಾಡಿ ನಿಂತ. ಒಂದು ತಿಂಗಳು ಅವನು ಯಾವ ತಪ್ಪೂ ಇಲ್ಲದ ವಸ್ತುವಿನಲ್ಲಿ ತಪ್ಪು ಹುಡುಕಿದ್ದ. ತನ್ನ ಕೈಯನ್ನು, ಕಟ್ಟಿಗೆಯನ್ನು, ಗ್ರಾಫನ್ನು ಎಲ್ಲವನ್ನೂ ಅನುಮಾನಿಸಿದ್ದ, ಅವಳ ಕಿವಿಯೊಂದನ್ನು ಬಿಟ್ಟು. ಮರಳಿ ಬಂದಾಗ ಮುಖ ತೊಳೆದುಕೊಂಡಿದ್ದ. "ಒಂದ ಕೇಳತೀನಿ, ತಪ್ಪ ತಿಳ್ಕೋಬ್ಯಾಡ್ರಿ," ಎಂದ. "ಕಿವಿ ಹೋಗೇತಿ ಅಂತೀರಿ. ಮತ್ತ ಇಂಥಾದ್ದ ಕೇಳಿಲ್ಲ ಅಂದ್ರೆಲ್ಲ, ಅದನ್ನ ಹೆಂಗ ನಂಬಲಿ?"

ಇಂಥ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಕಪಾಳಕ್ಕೆ ಹೊಡೆದಂತಾಯಿತು, ಆದರೆ ಕೇಳಬೇಕಾದ ಪ್ರಶ್ನೆಯೇ, ತಾನು ಅವನ ಜಾಗದಲ್ಲಿದ್ದರೂ ಕೇಳುತ್ತಿದ್ದೆ ಎಂದೂ ಅನಿಸಿತು. "ಅರ್ಧಾ ನಂಬ್ರಿ," ಎಂದಳು.

ಆಗ ಮೂಲೆಯಿಂದ ಮನಿಷಾ, "ಉಳಿದರ್ಧಾ ನನ್ನ ನಂಬ್ರಿ," ಎಂದಳು. ಗಂಡನ ಕಡೆ ತಿರುಗಿದಳು. "ಇಷ್ಟ ವರ್ಷ ಆತು, ಮೆತ್ತಿ ಬರೊಬ್ಬರಿ ಆತೇನು ಅಂತ ಕೇಳೀರಿ. ಒಮ್ಮೆರ ಏನ ಕೇಳಸ್ತು ಅಂತ ಕೇಳೀರೇನು?"

ಸನ್ಮತಿ ಬೆಳಕಿನ ಕೆಳಗೆ ಕೂತು ಮಲಮಲವನ್ನು ತೆಗೆದು, ಹಳೆಯ ಬಟ್ಟೆಯನ್ನು ಮತ್ತೆ ಅದರ ಜಾಗಕ್ಕೆ ಕೂರಿಸಿದ. ಆಮೇಲೆ ಹೆಡ್‌ಫೋನನ್ನು ತ್ರಿಶಲಾಗೆ ಕೊಡದೆ ಹೆಂಡತಿಯ ಕೈಗೆ ಕೊಟ್ಟು, ಇಷ್ಟು ಹೊತ್ತು ತ್ರಿಶ‌ಲಾ ಕೂತಿದ್ದ ಕುರ್ಚಿಯನ್ನು ಕಾಲಿನಿಂದ ಅವಳ ಕಡೆ ಸರಿಸಿದ. ಮನಿಷಾ ಸೆರಗು ಸರಿಮಾಡಿಕೊಂಡು, ಫೋಟೋ ತೆಗೆಸಿಕೊಳ್ಳುವವಳ ಹಾಗೆ ನೆಟ್ಟಗೆ ಕೂತಳು. ಏನು ಹೇಳಬೇಕೋ ಅವಳಿಗೆ ಗೊತ್ತಾಗಲಿಲ್ಲ. ತ್ರಿಶಲಾ ಪಕ್ಕದಲ್ಲಿ ನಿಂತು, ಆಕಿ ಎಲ್ಲಿ ಕುಂತಾಳ, ಎಷ್ಟ ದೂರ, ಗ್ವಾಡಿ ಎಲ್ಲಿ ಐತಿ ಎಂದು ಒಂದೊಂದೇ ಕೇಳಿದಳು. ಮನಿಷಾ ಕಣ್ಣು ಮುಚ್ಚಿಕೊಂಡೇ ಕೈಯಿಂದ ತೋರಿಸಿದಳು, ಇಲ್ಲಿ, ಇಲ್ಲಿ. "ಎರಡೂ ತಂಬೂರಿ ಒಂದ ಅವ್ವನ ಮಕ್ಕಳಂಗ ಅದಾವ್ರಿ," ಎಂದಳು ಕೊನೆಗೆ. ಇಷ್ಟು ವರ್ಷ ತಾನು ಬರೆದ ಎಲ್ಲ ಜಾಣ ಮಾತುಗಳಲ್ಲಿ ಇದು ಇರಲಿಲ್ಲವಲ್ಲ ಎಂದು ತ್ರಿಶಲಾಗೆ ಹೊಟ್ಟೆಕಿಚ್ಚಾಯಿತು, ಹೊಟ್ಟೆಕಿಚ್ಚಿನ ಹಿಂದೆಯೇ ಸಂತೋಷವೂ ಬಂತು. ಎರಡೂ ಒಟ್ಟಿಗೆ ಬಂದದ್ದಕ್ಕೆ ಯಾವುದೂ ಪೂರ್ತಿ ನೋಯಿಸಲಿಲ್ಲ.

ಹೊರಡುವಾಗ ಸನ್ಮತಿ ಬೀದಿಯವರೆಗೆ ಬಂದ. ನಡೆಯುತ್ತ ಅವಳ ಎಡಗಡೆಗಿದ್ದವನು ನಡುವೆ ನಿಂತು, ಸುತ್ತಿ ಬಲಗಡೆಗೆ ಬಂದ. ಅದನ್ನು ಅವಳು ಗಮನಿಸಿದಳು. "ಐತವಾರ ಮನಿಷಾನ್ನೂ ಕರ್ಕೊಂಡ ಹೊಂಟೀನ್ರಿ ಕೊಲ್ಲಾಪುರಕ್ಕ," ಎಂದ. ಸ್ವಲ್ಪ ಹೊತ್ತಿನ ಮೇಲೆ, "ಆ ಮಲಮಲದ್ದ ಒಂದ ಜೋಡಿ ನಿಮಗ ಮಾಡಿ ಕೊಡತೀನಿ."

"ಮಾಡ್ರಿ. ಅದರ ಮ್ಯಾಲ ನನ್ನ ಹೆಸರ ಕೊರೀರಿ. ಯಾರರ ತಪ್ಪಿ ಹಾಕ್ಕೊಂಡಾರು." ಇಬ್ಬರೂ ನಕ್ಕರು, ಪೂರ್ತಿ ಅಲ್ಲ.

ನಿಪ್ಪಾಣಿಯ ಬಸ್ಸು ಬಂದು ನಿಂತಿತ್ತು. ಅವಳು ತವರಿನ ದಾರಿಯ ಕಾಗವಾಡದ ಬಸ್ಸು ಹತ್ತಿದಳು. ಹತ್ತಿದ ಮೇಲೆ ಅಭಿನಂದನನಿಗೆ ಫೋನು ಮಾಡಿ, ಅವ್ವನ ಕಡೆ ಹೊಂಟೀನಿ, ನಾಳೆ ಬರ್ತೀನಿ ಎಂದಳು. "ಯಾಕ, ಆರಾಮ ಅದಾರಿಲ್ಲೋ?" ಎಂದ ಅವನು. "ಅದಾರ. ಒಂದ ಕೇಳತೀನಿ, ನೀವ ರಾತ್ರಿ ಗೊರಕಿ ಹೊಡಿತೀರೇನು?" ಅವನು, ಬಹುಶಃ ತನ್ನ ಅಂಗಡಿಯ ಗಿರಾಕಿಗಳಿಗೆ ಕೇಳಬಾರದೆಂದು, ಪಿಸುದನಿಯಲ್ಲಿ ಹೇಳಿದ: "ನನಗ ಹೆಂಗ ಗೊತ್ತಾಗಬೇಕ? ನೀನ ಹೇಳಿದ್ದೆಲ್ಲ ನಿಂತೈತಿ ಅಂತ." ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳಿತು. ಬರೆಯಬೇಕು ಎಂದುಕೊಂಡಳು, ಹೆಡ್‌ಫೋನಿನ ಬಗ್ಗೆ, ಮೊದಲ ಸಾಲಿನಲ್ಲೇ ಕಿವಿಯ ಬಗ್ಗೆ. ಆ ಸಾಲನ್ನು ಹತ್ತಾರು ಬಗೆಯಲ್ಲಿ ಕಟ್ಟಿ ನೋಡಿದಳು. ಎಲ್ಲದರಲ್ಲೂ ತನ್ನನ್ನು ತಾನು ಸ್ವಲ್ಪ ದೊಡ್ಡವಳಾಗಿ ತೋರಿಸಿಕೊಳ್ಳುವ ಆಸೆ ಇಣುಕುತ್ತಿತ್ತು. 'ನನಗೆ ಎಡಗಿವಿ ಸರಿಯಾಗಿ ಕೇಳುವುದಿಲ್ಲ' ಎಂಬಷ್ಟಕ್ಕೆ ಬಂದು ನಿಂತಾಗ ಬಸ್ಸು ಕೃಷ್ಣೆಯ ಸೇತುವೆಯ ಮೇಲಿತ್ತು.

ಜುಗೂಳಕ್ಕೆ ಬಂದು ಇಳಿದಾಗ ಬಿಸಿಲು ಇನ್ನೂ ಕಬ್ಬಿನ ಸುಳಿಯ ಮೇಲಿತ್ತು. ಅಣ್ಣನ ಮನೆ ಸದಾ ಸಂತೆಯಂಥದ್ದು. ಸೊಸೆಯಂದಿರು, ಮೊಮ್ಮಕ್ಕಳು, ಹಾಲು ಹಾಕುವವರು. ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿದ ಲಕ್ಷ್ಮಿಬಾಯಿ ಮನೆಯ ಮುಂದಿನ ಬೇವಿನ ಕಟ್ಟೆಯ ಮೇಲೆ ಕೂತು, ಹಾದುಹೋಗುವವರ ತುಟಿ ನೋಡಿಯೇ ಊರಿನ ಸುದ್ದಿಯೆಲ್ಲ ತಿಳಿದುಕೊಳ್ಳುತ್ತಿದ್ದಳು. ಬಲಗಿವಿಯ ಯಂತ್ರವನ್ನು ಬೆರಳಿನಿಂದ ಒತ್ತಿಕೊಂಡು, "ಯಾಕ ಬೇ, ಹೇಳದ ಕೇಳದ ಬಂದಿ?" ಎಂದಳು.

"ಅವ್ವಾ, ನನ್ನ ಎಡಗಿವಿ ಕೇಳಸವಲ್ತು."

"ಏನ?"

"ಕಿವಿ! ಎಡಗಿವಿ! ಹೋಗೇತಿ!" ಬೀದಿಯಲ್ಲಿ ಹೊರಟಿದ್ದವರು ನಿಂತು ನೋಡಿದರು. ಸೊಸೆ ಬಾಗಿಲಿಗೆ ಬಂದಳು. ಚಿಕ್ಕೋಡಿಯಲ್ಲಿ ಗಂಟಲಿಂದ ಹೊರಡಿಸಲು ಅಷ್ಟು ಕಷ್ಟಪಟ್ಟದ್ದನ್ನು ಇಲ್ಲಿ ಇಡೀ ಓಣಿಗೆ ಸಾರಿದಂತಾಗಿತ್ತು. ಲಕ್ಷ್ಮಿಬಾಯಿ ಮಗಳ ಗದ್ದ ಹಿಡಿದು ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ, ಎಡಗಿವಿಯನ್ನು ಬೆಳಕಿಗೆ ಹಿಡಿದು ನೋಡಿದಳು, ಬಂಗಾರ ನೋಡುವವಳ ಹಾಗೆ. "ಎಡದ್ದಾ? ನಂದೂ ಎಡದ್ದ ಮೊದಲ ಹೋತು." ಆಮೇಲೆ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. "ನನ್ನ ದಾಗಿನಾ ಎಲ್ಲಾ ಸೊಸೆಂದ್ರಿಗೆ ಹೋದ್ವು. ನಿನಗ ಇದರ ಬಂತಲ್ಲ."

ತ್ರಿಶಲಾಗೆ ನಗುವೂ ಅಳುವೂ ಒಟ್ಟಿಗೆ ಬಂದವು. ತಾಯಿಯ ಎಡಕ್ಕೆ ಕೂತು ಹೇಳತೊಡಗಿದಳು, ತಾಯಿಗೆ ಕೇಳಿಸಲಿಲ್ಲ. ಬಲಕ್ಕೆ ಬಂದು ಕೂತಳು. ತಾಯಿಗೆ ಕೇಳಿಸಿತು, ಆದರೆ ತಾಯಿ ಮೆಲ್ಲಗೆ ಅಂದದ್ದು ಇವಳಿಗೆ ಕೇಳಿಸಲಿಲ್ಲ. ಇಬ್ಬರ ಒಳ್ಳೆಯ ಕಿವಿಯೂ ಒಂದೇ ಕಡೆಗೆ, ಒಂದರ ಹಿಂದೆ ಒಂದು. ಲಕ್ಷ್ಮಿಬಾಯಿ ಸ್ವಲ್ಪ ಯೋಚಿಸಿದಳು. ಕಿವಿಯ ವಿಷಯದಲ್ಲಿ ಅವಳಷ್ಟು ಪಳಗಿದವರು ಆ ಊರಲ್ಲಿ ಯಾರೂ ಇರಲಿಲ್ಲ. "ಹೊಳ್ಳಿ ಕುಂದರ," ಎಂದು ಮಗಳ ಭುಜ ಹಿಡಿದು ಹಿಂದುಮುಂದಾಗಿ ತಿರುಗಿಸಿದಳು. ಈಗ ಬಲಭುಜಕ್ಕೆ ಬಲಭುಜ ತಾಗಿಸಿ ಇಬ್ಬರೂ ಕಟ್ಟೆಯ ಮೇಲೆ ಕೂತಿದ್ದರು, ತಾಯಿ ಬೀದಿಗೆ ಮುಖ ಮಾಡಿ, ಮಗಳು ಹೊಳೆಗೆ ಮುಖ ಮಾಡಿ. ಒಬ್ಬರ ಮುಖ ಒಬ್ಬರಿಗೆ ಕಾಣಿಸುತ್ತಿರಲಿಲ್ಲ. ತ್ರಿಶಲಾ ಮಧ್ಯಾಹ್ನದಿಂದ ಆದದ್ದನ್ನು, ಅದಕ್ಕೂ ಬಹಳ ಹಿಂದೆ ಅಥಣಿಯಲ್ಲಿ ಆದದ್ದನ್ನೂ, ಎತ್ತರದ ದನಿಯಲ್ಲಿ ಹೇಳಲು ಶುರುಮಾಡಿದಳು. ತಾಯಿಯ ಮೊಣಕೈ ಅವಳನ್ನು ತಿವಿಯಿತು.

"ಯಾಕ ಒದರತಿ? ಸಣ್ಣಕ ಹೇಳ. ಕೇಳಸಾಕತ್ತೈತಿ."